ದೊಡ್ಡಪ್ಪನ ಸ್ಲೈಡ್ ಪೆಟ್ಟಿಗೆ: ಈ ಉದ್ಯಾನಗಳು ಯಾವುವು, ಯಾವ ಕಾಲದವು?

ಬ್ರಹ್ಮಪುರದ ಮಗಳು

ಎಲ್ಲರಿಗೂ ಶರಣು ಶರಣಾರ್ಥಿಗಳು.

ನಮ್ಮ ದೊಡ್ಡಪ್ಪನವರು ಆಗಿನ ಹೈದರಾಬಾದ್ ರಾಜ್ಯದ ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. 1956ರ ನವೆಂಬರ್ 1ರಂದು ಗುಲ್ಬರ್ಗ, ಬೀದರ್, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕಡತಗಳ ಹಿಂದೆಯೇ ಅವರೂ ಬೆಂಗಳೂರಿಗೆ ಹೋದರು. ನಿವೃತ್ತಿಯಾದ ಮೇಲೆ ಮತ್ತೆ ಕಲಬುರಗಿಗೆ ಬಂದು ಇಲ್ಲಿಯೇ ತೀರಿಕೊಂಡರು. ಮಕ್ಕಳಿರಲಿಲ್ಲ. ಸಂಬಳದಲ್ಲಿ ಮಿಕ್ಕಿದ್ದೆಲ್ಲ ಕ್ಯಾಮೆರಾಕ್ಕೆ ಮತ್ತು ರೀಲಿಗೆ ಹೋಗುತ್ತಿತ್ತು ಎಂದು ಅಪ್ಪ ಹೇಳುತ್ತಾರೆ.

ಹಳೆಯ ಮನೆಯ ಅಟ್ಟದಿಂದ ಅವರ ತಗಡಿನ ಟ್ರಂಕು ಇಳಿಸಿದೆವು. ಒಳಗೆ ಹಳದಿ ಡಬ್ಬಿಗಳಲ್ಲಿಯೂ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿಯೂ ಸ್ಲೈಡುಗಳಿವೆ. ಅಂಗೈಯೊಳಗೆ ಹಿಡಿಸುವ ಚೌಕಾಕಾರದ ರಟ್ಟು, ನಡುವೆ ಫಿಲ್ಮಿನ ಸಣ್ಣ ಕಿಟಕಿ. ಬೆಳಕಿಗೆ ಹಿಡಿದರೆ ಹೆಚ್ಚಿನವು ಉದ್ಯಾನದ ಚಿತ್ರಗಳೇ. ಕೆಲವು ರಟ್ಟುಗಳ ಮೇಲೆ ಪೆನ್ಸಿಲ್ಲಿನಲ್ಲಿ ‘ಪಾರ್ಕು, ರವಿವಾರ’ ಎಂದಿದೆ. ಊರು, ವರ್ಷ ಎಲ್ಲಿಯೂ ಇಲ್ಲ. ಮೊಬೈಲಿನಿಂದ ತೆಗೆದ ಆರು ಚಿತ್ರಗಳನ್ನು ಇಲ್ಲಿ ಹಾಕಿದ್ದೇನೆ.

ಚಿತ್ರ 1: ಅಮೃತಶಿಲೆಯ ರಾಣಿಯ ಪ್ರತಿಮೆ, ಹಿಂದೆ ಕೆಂಪಗೆ ಹೂ ಬಿಟ್ಟ ಗುಲ್ಮೊಹರ್.
ಚಿತ್ರ 2: ಕಬ್ಬಿಣದ ಕಂಬಗಳ ಮಂಟಪ, ಸುತ್ತ ಹುಲ್ಲಿನ ಮೇಲೆ ಕುಳಿತ ಜನ. ಆಕಾಶ ಗುಲಾಬಿ ಬಣ್ಣಕ್ಕೆ ತಿರುಗಿದೆ.
ಚಿತ್ರ 3: ಪ್ರಾಣಿಗಳ ಬೋನಿನ ಮುಂದೆ ಮಕ್ಕಳು, ದೂರದಲ್ಲಿ ಬಿಳಿ ಗುಮ್ಮಟಗಳ ಕಟ್ಟಡ.
ಚಿತ್ರ 4: ಕೆಂಪು ಬಣ್ಣದ ಉದ್ದನೆಯ ಕಟ್ಟಡ, ಅದರ ಮೇಲಿನಿಂದ ಇಣುಕುವ ಕಲ್ಲಿನ ಗುಮ್ಮಟ.
ಚಿತ್ರ 5: ಬೇವಿನ ಮರ, ಕಲ್ಲಿನ ಬೆಂಚು, ಇಳಕಲ್ ಸೀರೆಯ ಹೆಂಗಸು, ಪಕ್ಕದಲ್ಲಿ ಟೊಪ್ಪಿಗೆ ಹಾಕಿದ ಹುಡುಗ.
ಚಿತ್ರ 6: ಹೂ ಕೀಳಬಾರದೆಂಬ ಫಲಕ. ಅಕ್ಷರಗಳು ತಿರುವುಮುರುವಾಗಿವೆ.

ಐದನೆಯದು ನಮ್ಮ ಕಲಬುರಗಿಯ ಪಬ್ಲಿಕ್ ಗಾರ್ಡನ್ ಎಂದು ಅಪ್ಪ ಹೇಳುತ್ತಾರೆ. ಅಲ್ಲ, ಹೈದರಾಬಾದ್ ಎಂದು ಅತ್ತೆಯ ವಾದ. ನಗರದ ಸ್ಟುಡಿಯೋ ಒಂದರವರು ಫಿಲ್ಮನ್ನು ರಟ್ಟಿನಿಂದ ಬಿಡಿಸಿ, ತೊಳೆದು, ಹೊಸ ಚೌಕಟ್ಟಿಗೆ ಹಾಕಿ, ಬಣ್ಣ ತಿದ್ದಿ ಕೊಡುತ್ತೇವೆ ಎಂದಿದ್ದಾರೆ. ಕೊಡಬಹುದೇ?

ಸೇಡಂ ರಸ್ತೆ

ತಂಗಿ, ದಯವಿಟ್ಟು ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇಂದೇ ಹೋಗಿ ವಾಪಸು ತನ್ನಿ.

ನಾನು ಮದುವೆಯ ಫೋಟೋ ತೆಗೆದು ಜೀವನ ಮಾಡಿದವನು. ಸ್ಲೈಡ್ ಫಿಲ್ಮನ್ನೂ ಸಾಕಷ್ಟು ಬಳಸಿದ್ದೇನೆ. ಫಿಲ್ಮನ್ನು ರಟ್ಟಿನಿಂದ ಬೇರ್ಪಡಿಸಿದ ಕ್ಷಣದಲ್ಲಿ ಅರ್ಧ ಚರಿತ್ರೆ ಹೋಯಿತು ಎಂದೇ ತಿಳಿಯಿರಿ. ರಟ್ಟಿನ ಮೇಲೆ ಕಂಪನಿಯ ಹೆಸರಿರುತ್ತದೆ. ಕೊಡಕ್ ಕಂಪನಿಯ ಎಷ್ಟೋ ರಟ್ಟುಗಳ ಅಂಚಿನಲ್ಲಿ ಫಿಲ್ಮ್ ಸಂಸ್ಕರಿಸಿದ ತಿಂಗಳು ಮತ್ತು ವರ್ಷವನ್ನು ಒತ್ತಿರುತ್ತಾರೆ. ಅದು ಚಿತ್ರ ತೆಗೆದ ದಿನವಲ್ಲ ನಿಜ, ಆದರೆ ಚಿತ್ರ ಅದಕ್ಕಿಂತ ಈಚಿನದಲ್ಲ ಎಂಬುದಂತೂ ಖಚಿತವಾಗುತ್ತದೆ. ಹಲವು ರಟ್ಟುಗಳ ಮೇಲೆ ರೀಲಿನಲ್ಲಿ ಅದು ಎಷ್ಟನೆಯ ಚಿತ್ರ ಎಂಬ ಅಂಕಿಯೂ ಇರುತ್ತದೆ. ‘ಓರ್ವೋ’ ಎಂದಿದ್ದರೆ 1964ರ ನಂತರದ್ದು. ಪೂರ್ವ ಜರ್ಮನಿಯ ವೋಲ್ಫೆನ್ ಕಾರ್ಖಾನೆ ಆ ಹೆಸರನ್ನು ಇಟ್ಟುಕೊಂಡದ್ದೇ ಆ ವರ್ಷ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಮ್ಮ ದೇಶದಲ್ಲಿ ಅದು ಧಾರಾಳವಾಗಿ ಸಿಗುತ್ತಿತ್ತು.

ಇನ್ನು ತೊಳೆಯುವ ಮಾತು. ನೀರು ಮುಟ್ಟಿಸಲೇಬಾರದು. ಚಿತ್ರವಿರುವುದು ಜೆಲಟಿನ್ ಪದರದಲ್ಲಿ. ಬೂಷ್ಟು ತಿನ್ನುವುದೂ ಅದನ್ನೇ. ಬೂಷ್ಟು ಹಿಡಿದ ಜಾಗದಲ್ಲಿ ಜೆಲಟಿನ್ ನೀರಿಗೆ ಕರಗುವಂತಾಗಿರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರವೇ ಬಟ್ಟೆಗೆ ಬಂದುಬಿಡುತ್ತದೆ. ಗಾಳಿ ಊದುವ ರಬ್ಬರ್ ಬುಗ್ಗೆ ಮತ್ತು ಮೃದುವಾದ ಬ್ರಷ್, ಇವೆರಡೇ ಸಾಕು. ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ.

ಮೊದಲು ಮಾಡಬೇಕಾದದ್ದು ಇಷ್ಟು. ಡಬ್ಬಿಗಳಲ್ಲಿ ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಒಂದೊಂದಾಗಿ ತೆಗೆದು, ರಟ್ಟಿನ ಎರಡೂ ಬದಿಗಳ ಫೋಟೋ ತೆಗೆಯಿರಿ. ಪೆನ್ಸಿಲ್ ಗೀಟು, ಮಸಿ, ಒತ್ತಿದ ಅಂಕಿ ಎಲ್ಲವೂ ಬರಲಿ. ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಬೇಡಿ. ನಮ್ಮ ಊರಿನ ಬೇಸಿಗೆಯಲ್ಲಿ ತಗಡಿನ ಟ್ರಂಕಿನೊಳಗೆ ಕುದಿಯುವ ಶಾಖ ಫಿಲ್ಮಿನ ಬಣ್ಣಕ್ಕೆ ದೊಡ್ಡ ಶತ್ರು. ಒಣಹವೆಯಿಂದಾಗಿ ಬೂಷ್ಟು ಕಡಿಮೆ ಎಂಬುದೊಂದೇ ನಮಗಿರುವ ಅನುಕೂಲ. ಕೆಳಮನೆಯಲ್ಲಿ, ಬಿಸಿಲು ತಾಗದ ಗೋಡೆಯ ಕಪಾಟಿನಲ್ಲಿಡಿ. ಹೊಸದಾಗಿ ಪ್ಲಾಸ್ಟಿಕ್ ಹಾಳೆ ಕೊಳ್ಳುವುದಿದ್ದರೆ ಪಾಲಿಪ್ರೊಪಿಲೀನಿನದೇ ಬೇಕೆಂದು ಕೇಳಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಿವಿಸಿ ಹಾಳೆ ವರ್ಷಗಳು ಕಳೆದಂತೆ ಅಂಟಂಟಾಗಿ ಫಿಲ್ಮಿಗೆ ಕಚ್ಚಿಕೊಳ್ಳುತ್ತದೆ.

ಯಾದಗಿರಿ ಸ್ಟೇಷನ್

1, 2, 4 ಮೂರೂ ಬೆಂಗಳೂರಿನ ಕಬ್ಬನ್ ಪಾರ್ಕ್. ನಾನು ಸಚಿವಾಲಯದಲ್ಲಿ ಸೇವೆ ಮಾಡಿ ನಿವೃತ್ತನಾದವನು, ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುತ್ತಿದ್ದದ್ದೇ ಅಲ್ಲಿನ ಮರಗಳ ಕೆಳಗೆ.

ಚಿತ್ರ 1ರಲ್ಲಿರುವುದು ವಿಕ್ಟೋರಿಯಾ ರಾಣಿ. 1906ರ ಫೆಬ್ರುವರಿಯಲ್ಲಿ ಅನಾವರಣಗೊಂಡ ಪ್ರತಿಮೆ, ಥಾಮಸ್ ಬ್ರಾಕ್ ಕೆತ್ತಿದ್ದು. ಮುಂದೆ ಐದನೆಯ ಜಾರ್ಜ್ ಆದ ರಾಜಕುಮಾರನೇ ಬಂದು ಪರದೆ ಸರಿಸಿದ್ದ. ಆದರೆ ತಾಯಿ, ನೀವು ಹಾಕಿರುವ ಚಿತ್ರದಲ್ಲಿ ರಾಜದಂಡ ರಾಣಿಯ ಎಡಗೈಯಲ್ಲಿದೆ. ಅಲ್ಲಿ ನಿಂತು ನೋಡಿದವರಿಗೆ ಗೊತ್ತು, ದಂಡ ಬಲಗೈಯಲ್ಲಿ, ಗೋಳ ಎಡಗೈಯಲ್ಲಿ. ಅಂದರೆ ಸ್ಲೈಡನ್ನು ಹಿಂದುಮುಂದಾಗಿ ಹಿಡಿದು ತೆಗೆದ ಚಿತ್ರ ಇದು. ಆರನೆಯ ಫಲಕದ ಅಕ್ಷರ ತಿರುಗಿರುವುದಕ್ಕೂ ಅದೇ ಕಾರಣ.

ಆ ಫಲಕವನ್ನು ನಾನು ಕನ್ನಡಿಯ ಮುಂದೆ ಹಿಡಿದು ಓದಿದೆ. ಕೆಳಗಿನ ಸಾಲು ‘ಮೈಸೂರು ಸರ್ಕಾರ’. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆದ್ದರಿಂದ ಈ ಫಲಕ ಬರೆಸಿದ್ದು ಅದಕ್ಕಿಂತ ಮುಂಚೆ.

ಚಿತ್ರ 4ರ ಕೆಂಪು ಕಟ್ಟಡ ಅಠಾರಾ ಕಚೇರಿ, ಈಗಿನ ಹೈಕೋರ್ಟು. 1868ರಲ್ಲಿ ಪೂರ್ಣಗೊಂಡ ಕಟ್ಟಡ. ಉದ್ಯಾನಕ್ಕಿಂತ ಕಟ್ಟಡವೇ ಹಿರಿದು. ರಿಚರ್ಡ್ ಸ್ಯಾಂಕಿ ಉದ್ಯಾನವನ್ನು ರೂಪಿಸಿದ್ದು 1870ರಲ್ಲಿ. ಮೊದಲು ಮೀಡ್ಸ್ ಪಾರ್ಕ್ ಎನ್ನುತ್ತಿದ್ದರು, ಆಮೇಲೆ ಕಬ್ಬನ್ ಹೆಸರು ಬಂತು, 1927ರಿಂದ ದಾಖಲೆಯಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಕೆಂಪು ಕಟ್ಟಡದ ಮೇಲಿನಿಂದ ಕಾಣುವ ಕಲ್ಲಿನ ಗುಮ್ಮಟ ವಿಧಾನಸೌಧದ್ದು. ಸೌಧ ಮುಗಿದದ್ದು 1956ರಲ್ಲಿ. ಚಿತ್ರದಲ್ಲಿ ಗುಮ್ಮಟ ಪೂರ್ತಿಯಾಗಿ ನಿಂತಿದೆ, ಸಾರುವೆ ಕಾಣುವುದಿಲ್ಲ. ನಿಮ್ಮ ದೊಡ್ಡಪ್ಪ ಬೆಂಗಳೂರಿಗೆ ಬಂದ ವರ್ಷಕ್ಕೂ ಇದು ಹೊಂದುತ್ತದೆ.

ಎರಡನೆಯದು ಅಲ್ಲಿನ ಎಂಟು ಮೂಲೆಯ ಬ್ಯಾಂಡ್ ಸ್ಟ್ಯಾಂಡ್. ಎರಕದ ಕಬ್ಬಿಣದ ಕಂಬಗಳನ್ನು ನೋಡಿದರೇ ಸಾಕು.

ಈ ಚಿತ್ರಗಳು ಮನೆಯ ನೆನಪಿಗೆ ಮಾತ್ರ ಸೀಮಿತವಲ್ಲ ಎಂದು ನನ್ನ ಅಭಿಪ್ರಾಯ. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗನ್ನು ಉಳಿಸಲು ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂದದ್ದು 1975ರಲ್ಲಿ. ಅದಕ್ಕೆ ಮುಂಚೆ ಯಾವ ಮರ ಎಲ್ಲಿತ್ತು, ಬೇಲಿ ಎಲ್ಲಿಯವರೆಗಿತ್ತು, ಎಲ್ಲಿ ಹುಲ್ಲಿತ್ತು, ಎಲ್ಲಿ ಗಾಡಿ ನಿಲ್ಲುತ್ತಿತ್ತು ಎಂಬುದನ್ನು ಬಣ್ಣದಲ್ಲಿ ತೋರಿಸುವ ಚಿತ್ರಗಳು ಎಷ್ಟು ಮನೆಗಳಲ್ಲಿ ಇದ್ದಾವು?

ಗಂಜ್ ಓದುಗ

ಚಿತ್ರ 3 ಹೈದರಾಬಾದಿನ ಬಾಗ್-ಎ-ಆಮ್. ಬಿಳಿ ಗುಮ್ಮಟಗಳದ್ದು ವಿಧಾನಸಭೆಯ ಕಟ್ಟಡ, 1913ರಲ್ಲಿ ಮುಗಿದದ್ದು, ಮೊದಲು ಟೌನ್ ಹಾಲ್ ಆಗಿತ್ತು. ಮೃಗಾಲಯ ಆ ಉದ್ಯಾನದೊಳಗೇ ಇತ್ತು. ನೆಹರೂ ಮೃಗಾಲಯ 1963ರಲ್ಲಿ ತೆರೆದ ಮೇಲೆ ಪ್ರಾಣಿಗಳೆಲ್ಲ ಅಲ್ಲಿಗೆ ಹೋದವು. ಹಾಗಾಗಿ ಬೋನು ಇದೆ ಎಂದರೆ ಅದಕ್ಕೂ ಮುಂಚಿನ ಚಿತ್ರ.

ಜೇವರ್ಗಿ ಕ್ರಾಸ್

ಅಕ್ಕಾ, ಚಿತ್ರ 2ನ್ನು ಮೊಬೈಲಿನಲ್ಲಿಯೇ ತಿದ್ದಿ ಕೆಳಗೆ ಹಾಕಿದ್ದೇನೆ. ಆಕಾಶ ನೀಲಿ, ಹುಲ್ಲು ಹಸಿರು, ನಿನ್ನೆ ತೆಗೆದಂತಿದೆ. ಎಲ್ಲವನ್ನೂ ಹೀಗೆ ಮಾಡಿಕೊಡಲು ನಾನು ಸಿದ್ಧ, ಹಣವೇನೂ ಬೇಡ. ಐದನೆಯದು ಹೈದರಾಬಾದೇ ಇರಬೇಕು. ನೆಲ ಕೆಂಪಗಿದೆ ನೋಡಿ. ನಮ್ಮದು ಎರೆ ನೆಲ, ಕರಿ ಮಣ್ಣು. ಕಲಬುರಗಿಯಲ್ಲಿ ಕೆಂಪು ನೆಲ ಎಲ್ಲಿಂದ ಬರಬೇಕು?

ಬೀದರ್ ತೋಟಗಾರ್ತಿ

ಮಣ್ಣನ್ನು ನೋಡಬೇಕೆಂಬ ನಿಮ್ಮ ದಾರಿ ಸರಿ, ಆದರೆ ನೋಡುವ ಜಾಗ ಬೇರೆ. ಉದ್ಯಾನದ ಕಾಲುದಾರಿಗೆ ಎಲ್ಲ ಊರುಗಳಲ್ಲಿಯೂ ಮೊರಂ, ಅಂದರೆ ಗರಸು ಮಣ್ಣು ಹಾಕುತ್ತಾರೆ. ಅದು ಕೆಂಪಗೇ ಇರುತ್ತದೆ, ಗಾಡಿಯಲ್ಲಿ ಹೊರಗಿನಿಂದ ಬಂದದ್ದು. ಆ ಜಾಗದ ನಿಜವಾದ ಮಣ್ಣು ಮರದ ಪಾತಿಯಲ್ಲಿ ಸಿಗುತ್ತದೆ. ಚಿತ್ರ 5ನ್ನು ದೊಡ್ಡದು ಮಾಡಿ ಬೇವಿನ ಬುಡ ನೋಡಿ. ಪಾತಿಯ ಮಣ್ಣು ದಾರಿಗಿಂತ ಸ್ಪಷ್ಟವಾಗಿ ಕಪ್ಪಗಿದೆ, ಮೇಲೆ ಹುಡುಗನ ಚಪ್ಪಲಿ ಹಿಡಿಸುವಷ್ಟು ಅಗಲದ ಬಿರುಕು ಬಿಟ್ಟಿದೆ. ನೀರು ಆರಿದಾಗ ಹಾಗೆ ಬಾಯ್ದೆರೆಯುವುದು ಎರೆ ಮಣ್ಣು. ಬೆಂಗಳೂರಿನ ಕೆಂಪು ಮಣ್ಣು ಹಾಗೆ ಬಿರಿಯುವುದಿಲ್ಲ. ನಮ್ಮ ಬೀದರಿನ ಜಂಬಿಟ್ಟಿಗೆ ನೆಲವೂ ಬಿರಿಯುವುದಿಲ್ಲ.

ಬಣ್ಣವನ್ನು ಸುಮ್ಮನೆ ನಂಬುವಂತಿಲ್ಲ ಎಂಬುದು ಇನ್ನೊಂದು ವಿಷಯ. ಈ ಸ್ಲೈಡಿನಲ್ಲಿ ಹೆಂಗಸಿನ ಸೀರೆಯ ಸೆರಗಿನ ಬಿಳಿ ಪಟ್ಟೆಗಳೂ ಗುಲಾಬಿಯಾಗಿವೆ. ಬಿಳಿ ಇರಬೇಕಾದದ್ದೇ ಗುಲಾಬಿಯಾಗಿದ್ದರೆ ನೆಲದ ಕೆಂಪಿನಲ್ಲಿ ಫಿಲ್ಮಿನ ಪಾಲೆಷ್ಟು ಎಂದು ಮೊದಲು ಕಳೆಯಬೇಕು. ಬಿರುಕಿಗೆ ಮಾತ್ರ ಬಣ್ಣದ ಹಂಗಿಲ್ಲ.

ಬೆಂಚನ್ನೂ ಗಮನಿಸಿ. ನುಣುಪಾದ, ಎರಡು ಬೆರಳು ದಪ್ಪದ ಚಪ್ಪಟೆ ಹಾಸು. ಅದು ಶಹಾಬಾದ್ ಕಲ್ಲು. ಬೆಂಗಳೂರಿನ ಹಳೆಯ ಬೆಂಚುಗಳು ದಪ್ಪ ಕಣಶಿಲೆಯವು (ಗ್ರಾನೈಟ್), ಮೈಯೆಲ್ಲ ಉಳಿಯ ಗುರುತು ಇರುತ್ತದೆ. ಶಹಾಬಾದ್ ಹಾಸು ಹೈದರಾಬಾದಿಗೂ ಹೋಗುತ್ತಿತ್ತು, ಹಾಗಾಗಿ ಇದೊಂದೇ ಸಾಕ್ಷಿ ಸಾಲದು. ಕಲ್ಲು ಮತ್ತು ಮಣ್ಣು ಎರಡೂ ಸೇರಿ ಬೆಂಗಳೂರನ್ನಂತೂ ಬಿಟ್ಟುಬಿಡಬಹುದು.

ಚಿತ್ರ 1ರ ಗುಲ್ಮೊಹರ್ ಪೂರ್ತಿ ಅರಳಿದೆ, ಎಲೆ ಕಡಿಮೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗಿನ ಚಿತ್ರ.

ಸೇಡಂ ರಸ್ತೆ

ತೋಟಗಾರ್ತಿಯವರು ಸೀರೆಯ ಬಿಳಿಯನ್ನು ಹಿಡಿದದ್ದು ಬಹಳ ಸರಿ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಣ್ಣದ ಸ್ಲೈಡಿನಲ್ಲಿ ಹಳದಿ, ಕೆನ್ನೇರಳೆ, ನೀಲಿಹಸಿರು ಎಂದು ಮೂರು ಬಣ್ಣಗಳ ಪದರಗಳಿರುತ್ತವೆ. ಹಳೆಯ ಎಕ್ಟಾಕ್ರೋಮ್‌ನಂತಹ ಫಿಲ್ಮುಗಳಲ್ಲಿ ಕತ್ತಲೆಯಲ್ಲಿಟ್ಟರೂ ನೀಲಿಹಸಿರು ಮೊದಲು ಸೋರಿಹೋಗುತ್ತದೆ. ಉಳಿದದ್ದು ಕೆಂಪಾಗಿ ಕಾಣುತ್ತದೆ. ಬ್ಯಾಂಡ್ ಸ್ಟ್ಯಾಂಡಿನ ಗುಲಾಬಿ ಆಕಾಶಕ್ಕೆ ಕಾರಣ ಇದೇ. ಕೊಡಾಕ್ರೋಮ್ ಜಾತಿಯೇ ಬೇರೆ. 1936ರಲ್ಲಿ 35 ಮಿಲಿಮೀಟರ್ ಸ್ಲೈಡಿಗೆ ಬಂದ ಆ ಫಿಲ್ಮು ಕತ್ತಲಲ್ಲಿದ್ದರೆ ದಶಕಗಟ್ಟಲೆ ಬಣ್ಣ ಬಿಡುವುದಿಲ್ಲ. ನಿಮ್ಮ ನಾಲ್ಕನೆಯ ಚಿತ್ರ ನೋಡಿ. ಕಟ್ಟಡ ಕೆಂಪು, ಆದರೆ ಆಕಾಶ ಅಚ್ಚ ನೀಲಿ, ಹುಲ್ಲು ಹಸಿರು. ಅದು ಕೊಡಾಕ್ರೋಮೇ ಇರಬೇಕು. ಓರೆಯಾಗಿ ಬೆಳಕಿಗೆ ಹಿಡಿದರೆ ಮಸುಕಾದ ಬದಿಯಲ್ಲಿ ಚಿತ್ರದ ಗೆರೆಗಳು ಉಬ್ಬು ಕೆತ್ತನೆಯಂತೆ ಕಾಣುತ್ತವೆ. ಕೈಯಲ್ಲಿ ಹಿಡಿದು ನೋಡುವ ಸುಖ ಅದು. ಕಂಪನಿ 2009ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿತು.

ಜೇವರ್ಗಿಯ ತಮ್ಮಾ, ನಿಮ್ಮ ಉತ್ಸಾಹ ದೊಡ್ಡದು, ನೀವು ಈ ಕೆಲಸಕ್ಕೆ ಬೇಕೇ ಬೇಕು. ಆದರೆ ತಿದ್ದಿದ ಪ್ರತಿ ಎರಡನೆಯದಾಗಿ ಬರಲಿ. ಮೊದಲ ಪ್ರತಿ ಇದ್ದದ್ದು ಇದ್ದಂತೆಯೇ, ಗುಲಾಬಿ ಆಕಾಶದ ಸಮೇತ ಉಳಿಯಬೇಕು. ಮೊಬೈಲ್ ತನಗೆ ತೋಚಿದ ಹಸಿರನ್ನು ಹುಲ್ಲಿಗೆ ತುಂಬಿದೆ. ಬೇಸಿಗೆಯಲ್ಲಿ ಒಣಗಿದ ಹುಲ್ಲಾಗಿದ್ದರೆ? ನಾಳೆ ಯಾರೋ ಅದನ್ನು ನೋಡಿ ಆಗ ಮಳೆಗಾಲವಿತ್ತು ಎಂದು ಬರೆದರೆ? ನಿಮ್ಮ ತಿದ್ದಿದ ಪ್ರತಿಯಲ್ಲಿ ಬಲತುದಿಯ ಮುದುಕರ ಕೈಯಲ್ಲಿದ್ದ ಕೊಡೆಯ ಹಿಡಿಕೆ ಹುಲ್ಲಿನೊಳಗೆ ಕರಗಿಹೋಗಿದೆ, ಮೂಲದಲ್ಲಿ ಇದೆ.

ಒಳ್ಳೆಯ ಫಿಲ್ಮ್ ಸ್ಕ್ಯಾನರಿನಲ್ಲಿ ಇಂಚಿಗೆ 4,000 ಬಿಂದುಗಳಂತೆ ತೆಗೆದರೆ ಒಂದು ಸ್ಲೈಡಿಗೆ ಸುಮಾರು 5,600 × 3,700 ಬಿಂದುಗಳು ಬರುತ್ತವೆ. ಫಲಕದ ಅಕ್ಷರ, ಗಡಿಯಾರದ ಮುಳ್ಳು ಓದಲು ಅಷ್ಟು ಸಾಕು. ಟಿಫ್ ಕಡತವಾಗಿ ಉಳಿಸಿ. ಧೂಳು ಅಳಿಸುವ ಇನ್ಫ್ರಾರೆಡ್ ಸೌಲಭ್ಯವನ್ನು ಕೊಡಾಕ್ರೋಮಿಗೆ ಬಳಸಬೇಡಿ, ಚಿತ್ರದ ಗೆರೆಗಳನ್ನೇ ಧೂಳೆಂದು ಎಣಿಸಿ ಅಳಿಸುತ್ತದೆ. ಗುರುತಿಸುವ ಕೆಲಸಕ್ಕೆ ಸದ್ಯಕ್ಕೆ ಮೊಬೈಲ್ ಸಾಕು. ಹಿಂದೆ ಬೆಳಕಿನ ಪರದೆಯನ್ನು ಸ್ವಲ್ಪ ದೂರವಿಟ್ಟು, ಸ್ಲೈಡಿನ ಹೊಳೆಯುವ ಬದಿಯನ್ನು ನಿಮ್ಮ ಕಡೆ ಇಟ್ಟುಕೊಂಡು ತೆಗೆಯಿರಿ. ಆಗ ರಾಣಿಯ ದಂಡ ಬಲಗೈಗೆ ಬರುತ್ತದೆ.

ಜೇವರ್ಗಿ ಕ್ರಾಸ್

ಸರಿ ಕಾಕಾ. ಎರಡೂ ಪ್ರತಿ ಇಡೋಣ, ಕಡತದ ಹೆಸರಿನಲ್ಲಿಯೇ ‘ತಿದ್ದಿದ್ದು’ ಎಂದು ಸೇರಿಸುತ್ತೇನೆ. ನನ್ನ ಬಳಿ ಸ್ಕ್ಯಾನರ್ ಇಲ್ಲ, ಆದರೆ ಮ್ಯಾಕ್ರೋ ಲೆನ್ಸ್ ಇರುವ ಕ್ಯಾಮೆರಾ ಇದೆ. ಅಕ್ಕನವರ ಮನೆಗೇ ತರುತ್ತೇನೆ. ಸ್ಲೈಡುಗಳು ಮನೆ ಬಿಟ್ಟು ಹೊರಗೆ ಹೋಗುವುದು ಬೇಡ.

ಬ್ರಹ್ಮಪುರದ ಮಗಳು

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಲಿ! ಕಾಕಾ ಹೇಳಿದಂತೆ ಡಬ್ಬಿ ಡಬ್ಬಿಯಾಗಿ ರಟ್ಟುಗಳನ್ನು ನೋಡುತ್ತಾ ಕುಳಿತೆವು, ಅಪ್ಪ ಭೂತಗನ್ನಡಿ ಹಿಡಿದರು.

ಐದನೆಯ ಸ್ಲೈಡಿನ ರಟ್ಟಿನ ಮೇಲೆ 14 ಎಂಬ ಅಂಕಿ ಇದೆ. ಅದೇ ಡಬ್ಬಿಯಲ್ಲಿ, ಅದೇ ಬಗೆಯ ರಟ್ಟಿನಲ್ಲಿ 13 ಮತ್ತು 16 ಸಿಕ್ಕವು. ಹದಿಮೂರರಲ್ಲಿ ಅದೇ ಹುಡುಗ, ಅದೇ ಟೊಪ್ಪಿಗೆ, ಹಿಂದೆ ಕೆರೆಯ ಏರಿ. ಹದಿನಾರರಲ್ಲಿ ಹುಡುಗ ಕೋಟೆಯೊಳಗಿನ ಜಾಮಿ ಮಸೀದಿಯ ಮುಂದೆ ನಿಂತಿದ್ದಾನೆ! ನಡುವೆ ಬಯಲಿಲ್ಲದೆ ಪೂರ್ತಿ ಚಾವಣಿ ಹೊದಿಸಿ, ಸಾಲು ಸಾಲು ಗುಮ್ಮಟ ಇಟ್ಟ 1367ರ ಆ ಮಸೀದಿಯನ್ನು ನಮ್ಮ ಊರಿನವರು ಯಾರೂ ಬೇರೆಯದೆಂದು ತಪ್ಪು ತಿಳಿಯಲಾರರು. ಒಂದೇ ರೀಲು, ಒಂದೇ ಹುಡುಗ, ಒಂದೇ ಉಡುಪು. ಐದನೆಯದು ಕಲಬುರಗಿಯೇ. ಅಪ್ಪನಿಗಾದ ಸಂತೋಷ ಹೇಳತೀರದು, ಅತ್ತೆಯೂ ಒಪ್ಪಿದರು.

ಆ ರಟ್ಟುಗಳ ಮೇಲೆ ‘ಓರ್ವೋ’ ಎಂದಿದೆ. ನಾಲ್ಕನೆಯದು ಕಾಕಾ ಹೇಳಿದಂತೆ ಕೊಡಾಕ್ರೋಮ್, ಅಂಚಿನಲ್ಲಿ 1961 ಎಂದು ಒತ್ತಿದ್ದಾರೆ.

ಹುಡುಗ ಯಾರೆಂದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೆಂಗಸೂ ನಮ್ಮ ಕುಟುಂಬದವರಲ್ಲ.

ಯಾದಗಿರಿ ಸ್ಟೇಷನ್

ಹಾಗಾದರೆ ಆ ರೀಲು 1964ರ ಈಚಿನದು, ರಜೆಯಲ್ಲಿ ಊರಿಗೆ ಬಂದಾಗ ತೆಗೆದದ್ದಿರಬೇಕು. ಪಬ್ಲಿಕ್ ಗಾರ್ಡನ್ನಿನ ಬಣ್ಣದ ಚಿತ್ರ ಆ ಕಾಲದ್ದು ನಾನು ಇದುವರೆಗೆ ಒಂದೂ ಕಂಡಿಲ್ಲ. ಬೆಂಗಳೂರಿನ ಉದ್ಯಾನಗಳ ಚಿತ್ರ ತೆಗೆದವರು ಬೇಕಾದಷ್ಟು ಜನ, ನಮ್ಮ ಉದ್ಯಾನಕ್ಕೆ ಯಾರಿದ್ದರು? ನನ್ನ ಕೇಳಿದರೆ ಈ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ರಾಣಿಯ ಪ್ರತಿಮೆಯಲ್ಲ, ಆ ಬೇವಿನ ಮರ.

ಗಂಜ್ ಓದುಗ

ನಮ್ಮ ಅಜ್ಜ ಕೊನೆಯವರೆಗೂ ಪಬ್ಲಿಕ್ ಗಾರ್ಡನ್ನನ್ನು ಮಹಬೂಬ್ ಗುಲ್ಶನ್ ಎಂದೇ ಕರೆಯುತ್ತಿದ್ದರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರು. ನಮ್ಮ ಊರಿನ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಮೊದಲ ಅಕ್ಷರವೂ ಅವರದ್ದೇ, ಮಹಬೂಬ್ ಶಾಹಿ. ಮಿಲ್ಲಿನಲ್ಲಿ ದುಡಿದವರು ರವಿವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದದ್ದು ಅಲ್ಲಿಗೇ. ‘ಪಾರ್ಕು, ರವಿವಾರ’ ಎಂದು ಬರೆದಿರುವ ಉಳಿದ ಸ್ಲೈಡುಗಳನ್ನೂ ಬೇಗ ಹಾಕಿ. ಮಿಲ್ಲಿನ ಕುಟುಂಬಗಳ ಹಿರಿಯರು ಇನ್ನೂ ಇದ್ದಾರೆ, ಮುಖ ಗುರುತಿಸಬಲ್ಲರು. ಐದು ವರ್ಷ ಬಿಟ್ಟು ಕೇಳಿದರೆ ಹೇಳುವವರು ಇರುವುದಿಲ್ಲ.

ಬೀದರ್ ತೋಟಗಾರ್ತಿ

ಹಿರಿಯರಿಗೆ ಮೊಬೈಲಿನ ಸಣ್ಣ ಪರದೆಯಲ್ಲಿ ಏನು ಕಂಡೀತು? ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರೆ ಒಬ್ಬರ ಮಾತಿಗೆ ಇನ್ನೊಬ್ಬರಿಗೆ ನೆನಪು ಬರುತ್ತದೆ. ದೊಡ್ಡಪ್ಪನವರ ಪ್ರೊಜೆಕ್ಟರ್ ಟ್ರಂಕಿನಲ್ಲಿದೆಯೇ?

ಸೇಡಂ ರಸ್ತೆ

ಇದ್ದರೂ ಅದಕ್ಕೆ ಮೂಲ ಸ್ಲೈಡುಗಳನ್ನು ಹಾಕಬೇಡಿ. ಹಳೆಯ ದೀಪದ ಶಾಖಕ್ಕೆ ಫಿಲ್ಮು ಸೊಟ್ಟಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕತ್ತಲೆಯಲ್ಲಿ ಗಟ್ಟಿಯಾಗಿರುವ ಕೊಡಾಕ್ರೋಮ್ ಪ್ರೊಜೆಕ್ಟರಿನ ಬೆಳಕಿಗೆ ಬಹಳ ಬೇಗ ಬಣ್ಣ ಬಿಡುತ್ತದೆ. ಜೇವರ್ಗಿಯ ತಮ್ಮ ತೆಗೆದ ಪ್ರತಿಗಳನ್ನು ಈಗಿನ ಡಿಜಿಟಲ್ ಪ್ರೊಜೆಕ್ಟರಿನಲ್ಲಿ ತೋರಿಸೋಣ. ಯಂತ್ರ ನಾನು ತರುತ್ತೇನೆ. ಯಾರು ಏನು ಹೇಳಿದರು ಎಂಬುದನ್ನು ಸ್ಲೈಡಿನ ಅಂಕಿಯ ಎದುರು ಬರೆದುಕೊಳ್ಳಲು ಒಬ್ಬರು ಕೂರಲೇಬೇಕು. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ಅಲ್ಲಿಯೇ ತೀರ್ಪು ಕೊಡಬೇಡಿ.

ಬ್ರಹ್ಮಪುರದ ಮಗಳು

ನಮ್ಮ ಓಣಿಯ ಶಾಲೆಯವರು ಬರುವ ರವಿವಾರ ಸಂಜೆ ಒಂದು ಕೋಣೆ ಬಿಟ್ಟುಕೊಡಲು ಒಪ್ಪಿದ್ದಾರೆ. ಬರೆದುಕೊಳ್ಳಲು ನಾನೇ ಕೂರುತ್ತೇನೆ. ಚಹಾ, ಚೂಡಾ ನಮ್ಮ ಮನೆಯಿಂದ. ದಯವಿಟ್ಟು ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ.

ಹೊಸ ಸದಸ್ಯೆ, ಶಹಾಬಾದ್

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಮ್ಮ ಅತ್ತೆಯವರು ಮದುವೆಗೆ ಮುಂಚೆ ಮಿಲ್ಲಿನ ಹತ್ತಿರವೇ ಇದ್ದವರು. ಚಿತ್ರ 5ನ್ನು ತೋರಿಸಿದೆ. ಹೆಂಗಸು ಯಾರೆಂದು ಹೇಳುವ ಮುನ್ನ ಇನ್ನೊಮ್ಮೆ ದೊಡ್ಡದಾಗಿ ನೋಡಬೇಕು ಎಂದರು. ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಕೋಣೆ ಕೆಳಗಿದೆಯೇ, ಮೇಲಿದೆಯೇ?

ಬ್ರಹ್ಮಪುರದ ಮಗಳು

ಕೆಳಗೇ ಇದೆ ಅಕ್ಕಾ, ಗೇಟಿನಿಂದ ಒಳಗೆ ಬಂದ ಕೂಡಲೇ ಬಲಕ್ಕೆ. ಬಾಗಿಲವರೆಗೆ ಆಟೋ ಬರುತ್ತದೆ. ಅವರಿಗೆ ಮುಂದಿನ ಸಾಲಿನಲ್ಲಿ ಕೈಯಿರುವ ಕುರ್ಚಿ ಹಾಕಿಸುತ್ತೇನೆ. ಮೊದಲು 13, 14, 16 ತೋರಿಸಿ, ಆಮೇಲೆ ಉಳಿದವು.